ಬಿಚ್ಚಬೇಕ್ರಿ, ಬಿಚ್ಚಬ್ಯಾಡ್ರಿ

ಸುಟ್ಟ ಎಂಜಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಮೇಸ್ತ್ರಿ ಚಾಚಾ ನೆನಪಾಗುತ್ತಾರೆ. ಕಾಂಕ್ರೀಟು ಅಂಟಬಾರದೆಂದು ಸ್ಲ್ಯಾಬಿನ ಕೆಳಗಿನ ಹಲಗೆಗಳಿಗೆ ಅವರು ಅದನ್ನು ಬಳಿಸುತ್ತಿದ್ದರು. ಕಳೆದ ವಾರ ಸವದತ್ತಿಯಲ್ಲಿ ನಾನೇ ಕಟ್ಟಿಸುತ್ತಿರುವ ಮನೆಯೊಳಗೆ, ಜೋತುಬಿದ್ದ ಸ್ಲ್ಯಾಬಿನ ಕೆಳಗೆ ನಿಂತಾಗ ಅದೇ ವಾಸನೆ ಬಂತು...

ಚಾಚಾ ನೇಸರಗಿಯವರು. ನಾನು ಹೊಸ ಎಂಜಿನಿಯರಾಗಿ ಮುನವಳ್ಳಿಯಲ್ಲಿ ಕೆಲಸ ಹಿಡಿದಾಗ ಅವರದೇ ಗ್ಯಾಂಗು. ಅಲ್ಲೊಂದು ಕಟ್ಟಳೆಯಿತ್ತು. ಸ್ಲ್ಯಾಬಿಗೆ ಕೊಟ್ಟ ಆಸರೆ ಕಂಬಗಳ ಮಾತು ಬಂದರೆ 'ಬೇಕು', 'ಬ್ಯಾಡ' ಅನ್ನುವಂತಿಲ್ಲ. 'ಬಿಚ್ಚಬೇಕ್ರಿ', 'ಬಿಚ್ಚಬ್ಯಾಡ್ರಿ' ಎರಡೂ ಮಿಕ್ಸರಿನ ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ. 'ಇರ್ಲಿ' ಅನ್ನಬೇಕು, ಇಲ್ಲವೇ 'ತಗೀರಿ'. ಕೇಳಿದವರು ಅದನ್ನೇ ತಿರುಗಿ ಹೇಳಬೇಕು. ಗಾರೆ ಹೊರುವ ಹೆಂಗಸು ಹೇಳಿದರೂ ಚಾಚಾ ತಿರುಗಿ ಹೇಳುತ್ತಿದ್ದರು. ಹಾಗಾಗಿ 'ತಿಳೀಲಿಲ್ಲ' ಅನ್ನಲು ಅಲ್ಲಿ ಯಾರೂ ನಾಚುತ್ತಿರಲಿಲ್ಲ.

ಒಂದು ಸಂಜೆ ಚಾಚಾ, "ಹದಿನೈದ ದಿನ ಕಂಬ ಇರ್ಲಿ ಸಾಹೇಬ್ರ" ಅಂದರು. ನಾನು 'ಹೂಂ' ಅಂದು ಬೈಕ್ ಹತ್ತಿದೆ. ಚಾಚಾ ಹ್ಯಾಂಡಲ್ ಹಿಡಿದರು.

"ಹೂಂ ಅಂದ್ರ ಕೇಳೇನಿ ಅಂತನೋ, ತಿಳದೈತಿ ಅಂತನೋ? ಒಮ್ಮೆ ತಿರುಗಿ ಹೇಳ್ರಿ."

ಎಲ್ಲರೂ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. "ನನಗ ಸಾಲಿ ಕಲಿಸಾಕ ಬರಬ್ಯಾಡ್ರಿ" ಎಂದು ಒದರಿ ಹೋದೆ. ಮುಂದಿನ ಕೆಲಸಕ್ಕೆ ಅವರನ್ನು ಕರೆಯಲೇ ಇಲ್ಲ. ಎಂಥ ಸೊಕ್ಕು ನನ್ನದು!

ಕಳೆದ ವಾರ ಬೈಲಹೊಂಗಲದ ರಸ್ತೆಯಲ್ಲಿ ನಿಂತು ಕೆಲಸದ ಹುಡುಗರ ವಾಟ್ಸಾಪ್ ಗುಂಪಿಗೆ ಧ್ವನಿ ಕಳಿಸಿದೆ: "ಕಂಬ ಬಿಚ್ಚಬ್ಯಾಡ್ರಿ." ಐದು ಹೆಬ್ಬೆರಳು ಬಂದವು. ಸುಡುಗಾಡು ಹೆಬ್ಬೆರಳು! ಮರುದಿನ ನೋಡಿದರೆ ಕಂಬಗಳನ್ನೆಲ್ಲ ಬಿಚ್ಚಿದ್ದರು, ಸ್ಲ್ಯಾಬು ಜೋತುಬಿದ್ದಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ಸ್ಲ್ಯಾಬು ಮಾತ್ರ ಒಡೆದು ತೆಗೆಯಬೇಕು. ಬೈಯಲು ಹೋದವನು ನನ್ನ ಧ್ವನಿಯನ್ನೇ ಮತ್ತೆ ಕೇಳಿದೆ. ಟ್ರ್ಯಾಕ್ಟರಿನ ಸದ್ದಿನಲ್ಲಿ ಅದು 'ಬೇಕ್ರಿ'ಯೋ 'ಬ್ಯಾಡ್ರಿ'ಯೋ, ನನಗೇ ತಿಳಿಯಲಿಲ್ಲ.

"ಇಷ್ಟ ಲಗೂ ಯಾಕ ಬಿಚ್ಚೂದಂತ ನನಗೂ ಅನಿಸ್ತ್ರಿ" ಎಂದ ನಮ್ಮ ಈಗಿನ ಮೇಸ್ತ್ರಿ. "ಕೇಳಿದ್ರ ನೀವು ಸಿಟ್ಟಿಗೇಳ್ತೀರಂತ ಸುಮ್ನಾದೆ."

ಆ ಮಾತು, ಸ್ಲ್ಯಾಬೇ ಕುಸಿದಂತೆ ನನ್ನ ಮೇಲೆ ಬಿತ್ತು. ಹಳೆಯ ಡೈರಿ ಹುಡುಕಿ ಚಾಚಾರ ನಂಬರಿಗೆ ಫೋನು ಮಾಡಿದೆ, ತಪ್ಪಾಯಿತು ಅನ್ನಬೇಕೆಂದು. ಅವರ ಮಗಳು ಎತ್ತಿದಳು.

"ನಮ್ಮ ಅಬ್ಬಾ ತೀರ್ಕೊಂಡು ಎರಡ ವರ್ಷ ಆತ್ರಿ. ಏನರ ಹೇಳೂದಿತ್ತೇನ್ರಿ?"

ಬಾಯಿಂದ ಬಂದದ್ದು ಬರೀ 'ಹೂಂ'...