ಗುಡ್ಡದ ದಾರಿಯ ಅಕ್ಕೋರು

ನಮ್ಮ ಅಕ್ಕೋರ ಸೀರೆಯ ಅಂಚಿಗೆ ಯಾವಾಗಲೂ ಉತ್ರಾಣಿಯ ಮುಳ್ಳುಬೀಜಗಳು ಅಂಟಿಕೊಂಡಿರುತ್ತಿದ್ದವು. ಇಳಕಲ್ ಸೀರೆಯೇ ಇರಲಿ, ಮಾಸಿದ ವಾಯಿಲ್ ಇರಲಿ, ಮೊಣಕಾಲಿನ ಕೆಳಗೆ ಆ ಬೀಜಗಳ ಸಾಲು ಇದ್ದೇ ಇರುತ್ತಿತ್ತು. ಪಾಠ ಹೇಳುತ್ತಲೇ ಅವನ್ನು ಒಂದೊಂದಾಗಿ ಕಿತ್ತು ಮೇಜಿನ ಮೇಲೆ ಗುಡ್ಡೆ ಹಾಕುತ್ತಿದ್ದರು. ಕಾಲಲ್ಲಿ ಗಂಡಸರ ಕ್ಯಾನ್ವಾಸ್ ಬೂಟು. ಸೀರೆಯುಟ್ಟು ಬೂಟು ಹಾಕಿಕೊಂಡು ಬಸ್ಸಿಳಿದ ಹೆಂಗಸನ್ನು ನಮ್ಮೂರು ಕಂಡದ್ದು ಅದೇ ಮೊದಲು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಕ್ಕೋರೂ ನಕ್ಕರು. ಬೂಟು ಮಾತ್ರ ಬಿಡಲಿಲ್ಲ.

ನಮ್ಮದು ಡಂಬಳ ದಾಟಿ ಕಪ್ಪತಗುಡ್ಡದ ಕಡೆ ಹೊರಳಿದರೆ ಸಿಗುವ ಸಣ್ಣ ಊರು. ಎಪ್ಪತ್ತರ ದಶಕದಲ್ಲಿ ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಅವರು ವರ್ಗವಾಗಿ ಬಂದರು. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುವುದು. ಆಮೇಲೆ ನಾನು ಎಷ್ಟೋ ಜನರ ಹತ್ತಿರ ಕಲಿತೆ, ಆದರೆ ಅಕ್ಕೋರು ಅಂದಕೂಡಲೇ ಕಣ್ಣ ಮುಂದೆ ಬರುವವರು ಇವರೊಬ್ಬರೇ. ಲಕ್ಷ್ಮೇಶ್ವರದವರು, ತಲೆತಲಾಂತರದಿಂದ ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ. ಮದುವೆಯಾಗಿರಲಿಲ್ಲ. ಯಾಕೆ ಎಂದು ಎದುರಿಗೆ ಕೇಳುವ ಎದೆಗಾರಿಕೆ ಊರಲ್ಲಿ ಯಾರಿಗೂ ಇರಲಿಲ್ಲ, ಹಿಂದೆ ಆಡಿಕೊಳ್ಳುವವರಿಗೇನೂ ಬರಗಾಲವಿರಲಿಲ್ಲ.

ಶನಿವಾರ ಮುಂಜಾನೆಯ ಶಾಲೆ ಮುಗಿದೊಡನೆ ನಮ್ಮನ್ನು ಗುಡ್ಡಕ್ಕೆ ಕರೆದೊಯ್ಯುತ್ತಿದ್ದರು. ದೊಡ್ಡ ದಾರಿಯೇನಲ್ಲ. ಹಳ್ಳ ದಾಟಿ, ಕವಳಿ ಪೊದೆಗಳ ನಡುವೆ ಏರಿ, ಬಂಡೆಯ ಮೇಲೆ ಮಳೆನೀರು ನಿಲ್ಲುವ ದೊಣೆಯವರೆಗೆ ಹೋಗಿ, ಇನ್ನೊಂದು ಮಗ್ಗುಲಿನಿಂದ ಇಳಿದು ಬಂದರೆ ಮುಗಿಯಿತು. ಮನೆಯಲ್ಲಿ ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ನಾವು ತಿರುಗಿ ಬಂದಿರುತ್ತಿದ್ದೆವು. ಆದರೆ ಆ ತುಂಡು ದಾರಿಯಲ್ಲಿ ಅಕ್ಕೋರು ನೂರು ಸಲ ನಿಲ್ಲುತ್ತಿದ್ದರು. ಬಂದರಿಕೆಯ ಎಲೆ ಮುರಿದು ಮೂಗಿಗೆ ಹಿಡಿಯುವರು. ಮುಳ್ಳುಹಂದಿ ಉದುರಿಸಿ ಹೋದ ಮುಳ್ಳನ್ನು ಆರಿಸಿ ನಮ್ಮ ಜಡೆಗೆ ಸಿಕ್ಕಿಸುವರು. ಒಮ್ಮೆ ಮಧುನಾಶಿನಿಯ ಎಲೆ ಅಗಿಯಲು ಕೊಟ್ಟು, ಮೇಲೆ ಒಂದೊಂದು ಚೂರು ಬೆಲ್ಲ ಕೊಟ್ಟರು. ಬೆಲ್ಲ ಬಾಯಲ್ಲಿ ಮಣ್ಣಿನಂತಾಯಿತು. ನಾವು ಥೂ ಥೂ ಎಂದು ಉಗುಳಿದೆವು.

"ಬೆಲ್ಲ ಸಿಹಿ ಐತಿ ಅಂತ ಯಾರ ಹೇಳಿದ್ರು?" ಎಂದು ಕೇಳಿದರು ಅಕ್ಕೋರು.

"ಎಲ್ಲಾರೂ ಹೇಳ್ತಾರ್ರಿ."

"ಎಲ್ಲಾರೂ ಹೇಳ್ತಾರಂತ ನಂಬಬ್ಯಾಡ್ರಿ. ನಿಮಗೂ ನಾಲಿಗಿ ಐತಿ, ತಿಂದು ನೋಡ್ರಿ."

ಒಂದು ಶನಿವಾರ ಹುಡುಗಿಯೊಬ್ಬಳು ದಾರಿ ತಪ್ಪಿ ಬೇರೆ ಕಡೆ ಇಳಿದುಬಿಟ್ಟಳು. ಸಿಕ್ಕಳು, ಏನೂ ಆಗಿರಲಿಲ್ಲ. ಆದರೂ ಇನ್ನು ಮುಂದೆ ಹಾಗಾಗಬಾರದೆಂದು ಅಕ್ಕೋರು ದಾರಿಯುದ್ದಕ್ಕೂ ಅಲ್ಲಲ್ಲಿ ಕಲ್ಲು ನಿಲ್ಲಿಸಿ ಸುಣ್ಣ ಬಳಿದರು. ಗುಡ್ಡದ ತುಂಬ ಬಿಳಿಯ ಬೆಣಚುಕಲ್ಲು. ಸುಣ್ಣದ ಕಲ್ಲು ಅದರಲ್ಲಿ ಕಳೆದುಹೋಗುತ್ತಿತ್ತು. ಹಾಗಾಗಿ ಶಾಲೆಯ ಗೋಡೆಗೆ ಹಚ್ಚಿ ಉಳಿದ ಕೆಮ್ಮಣ್ಣಿನಿಂದ ಅವುಗಳ ಮೇಲೆ ಪಟ್ಟೆ ಎಳೆದರು. ಪೂಜಾರಿಗಳ ಮನೆಯಲ್ಲಿ ಹುಟ್ಟಿದವರು! ಸುಣ್ಣ ಬಳಿದು ಕೆಂಪು ಪಟ್ಟೆ ಎಳೆದ ಕಲ್ಲು ನಮ್ಮ ಕಡೆ ಏನಾಗುತ್ತದೆ ಎಂಬುದು ಅವರಿಗೇ ಹೊಳೆಯಲಿಲ್ಲ.

ಮುಂದಿನ ಸಲ ಹೋದಾಗ ಹಳ್ಳದ ದಂಡೆಯ ಮೊದಲ ಕಲ್ಲಿಗೆ ಯಾರೋ ಕುಂಕುಮ, ಭಂಡಾರದ ಅರಿಸಿನ ಹಚ್ಚಿದ್ದರು. ಎದುರಿಗೆ ಒಡೆದ ತೆಂಗಿನಕಾಯಿಯ ಚಿಪ್ಪು.

"ನೋಡ್ರಲೇ, ನಮ್ಮ ಕಲ್ಲಿಗೆ ಬಡ್ತಿ ಸಿಕ್ಕೈತಿ," ಎಂದು ಅಕ್ಕೋರು ಬಿದ್ದು ಬಿದ್ದು ನಕ್ಕರು.

ಆ ನಗು ಬಹಳ ಕಾಲ ಉಳಿಯಲಿಲ್ಲ. ಯಾರದೋ ಎಮ್ಮೆ ಸುಸೂತ್ರವಾಗಿ ಈಯಿತು, ಯಾರದೋ ಕೂಸಿನ ಜ್ವರ ಇಳಿಯಿತು. ಕಲ್ಲಿಗೆ ಹೆಸರು ಬಂತು. ಹೆಸರು ಬಂದ ಮೇಲೆ ಕಟ್ಟಳೆಯೂ ಬಂತು. ಊರಿನ ಹಿರಿಯ ಗೌಡರು ಚಾವಡಿಯಲ್ಲಿ ಕುಳಿತು ಹೇಳಿದರು: ಅದು ದೇವರು ನಿಂತ ಜಾಗ, ಮೈನೆರೆದ ಹುಡುಗಿಯರು ಅಲ್ಲಿ ಅಡ್ಡಾಡುವುದು ಮೈಲಿಗೆ, ಇನ್ನು ಮೇಲೆ ಶಾಲೆಯ ಹೆಣ್ಣುಮಕ್ಕಳು ಗುಡ್ಡಕ್ಕೆ ಹೋಗಕೂಡದು.

ನಾನಾಗ ಏಳನೆಯ ಇಯತ್ತೆಯಲ್ಲಿದ್ದೆ. ಮೈನೆರೆದು ಆರು ತಿಂಗಳೂ ಆಗಿರಲಿಲ್ಲ. ಮನೆ, ಶಾಲೆ, ಬಾವಿ ಬಿಟ್ಟರೆ ನನಗೆ ಉಳಿದದ್ದು ಆ ಗುಡ್ಡದ ದಾರಿಯೊಂದೇ. ಅದೂ ಹೋಯಿತು ಅಂದಾಗ ನನಗೆ ಅಳು ಬರಲಿಲ್ಲ, ಮೈ ಉರಿಯಿತು.

ಹೆಡ್‌ಮಾಸ್ತರರು ಒಳ್ಳೆಯವರೇ, ಆದರೆ ಜಗಳವೆಂದರೆ ಮಾರುದೂರ. "ಹೋಗ್ಲಿ ಬಿಡ್ರಿ ಅಕ್ಕೋರ, ಶಾಲಿ ಅಂಗಳದಾಗ ನಾಕು ಗಿಡ ಅದಾವಲ್ಲ, ಅವನ್ನ ತೋರಸ್ರಿ," ಎಂದು ನಮ್ಮ ಎದುರಿಗೇ ಹೇಳಿದರು.

"ಅಂಗಳದಾಗಿನ ಗಿಡಕ್ಕ ದಿನಾ ನೀರ ಹಾಕೂವರು ಇವರ ಅದಾರ್ರಿ ಸರ. ಅದರಾಗ ನಾ ಹೊಸಾದು ಏನ ತೋರಸ್ಲಿ?" ಎಂದರು ಅಕ್ಕೋರು.

ಶನಿವಾರ ಬಂತು. ಎಷ್ಟೋ ತಾಯಂದಿರು ಮಕ್ಕಳನ್ನು ಅಂದು ಶಾಲೆಗೇ ಕಳಿಸಲಿಲ್ಲ. ನನ್ನ ಅವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆಯೇ ಹೇಳಿದಳು: "ಹೋಗ ನೀ. ನಾ ಈ ಊರಿಗೆ ಸೊಸಿ ಆಗಿ ಬಂದಾಗಿಂದ ಆ ಗುಡ್ಡಾನ ಹಿತ್ತಲದಾಗ ನಿಂತ ಅಷ್ಟ ನೋಡೀನಿ." ಅವ್ವನ ಬಾಯಿಂದ ಅಂಥ ಮಾತು ಅದೇ ಮೊದಲು, ಅದೇ ಕೊನೆ.

ಬೆರಳೆಣಿಕೆಯಷ್ಟು ಹುಡುಗಿಯರು ಅಕ್ಕೋರ ಬೆನ್ನಿಗೆ ಹೊರಟೆವು. ಹಳ್ಳದ ದಂಡೆಯಲ್ಲಿ ಗೌಡರು ನಿಂತಿದ್ದರು, ಹಿಂದೆ ಊರ ಗಂಡಸರು.

"ಅಕ್ಕೋರ, ಶಾಲಿ ಕಲತವ್ರು ನೀವು. ತಿಳೀಬೇಕು. ಹೆಣ್ಣುಮಕ್ಕಳನ್ನ ಹೊಳ್ಳಿ ಕರಕೊಂಡ ಹೋಗ್ರಿ."

ಆಗಲೇ ಗುಡ್ಡದಿಂದ ನಾಲ್ಕಾರು ಹೆಂಗಸರು ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತು ಇಳಿದು ಬಂದರು. ಕಲ್ಲಿನ ಮಗ್ಗುಲಿಂದಲೇ ಹಾದುಹೋದರು. ಗೌಡರು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟರು.

ಅಕ್ಕೋರು ಅವರತ್ತ ಕೈ ತೋರಿಸಿದರು. "ಇವರೂ ಹೆಣ್ಣುಮಕ್ಕಳ ಅಲ್ಲೇನ್ರಿ ಗೌಡ್ರ? ತಲಿ ಮ್ಯಾಲ ಹೊರಿ ಇದ್ರ ಮೈಲಿಗಿ ಇಲ್ಲ, ಖಾಲಿ ತಲೀಲೆ ನಡದ್ರ ಮೈಲಿಗಿ, ಹಂಗೇನು?"

ಗೌಡರು ಕಲ್ಲಿನತ್ತ ಕೈ ಮುಗಿದರು. "ದೇವರ ಕೂಡ ಚಾಷ್ಟಿ ಬ್ಯಾಡ್ರಿ," ಎಂದರು.

"ಈ ಕಲ್ಲು ನಿಲ್ಲಿಸಿದಾಕಿ ನಾನು. ಸುಣ್ಣ ಹಚ್ಚಿದಾಕಿ ನಾನು. ನಮ್ಮಪ್ಪ ಜೀವಮಾನ ಪೂರ್ತಿ ಪೂಜಿ ಮಾಡ್ಯಾನ, ದೇವರು ಹೆಂಗ ನಿಲ್ತಾನ ಅನ್ನೂದು ನನಗೂ ಗೊತ್ತೈತಿ." ಹಾಗೆಂದವರೇ ಬಗ್ಗಿ, ಕಲ್ಲನ್ನು ಎರಡೂ ಕೈಯಿಂದ ಅಲುಗಿಸಿ ಎಬ್ಬಿಸಿ, ಕೊಡ ಎತ್ತಿದಂತೆ ಸೊಂಟಕ್ಕಿಟ್ಟುಕೊಂಡರು. ಕುಂಕುಮವೆಲ್ಲ ಸೀರೆಗೆ ಮೆತ್ತಿಕೊಂಡಿತು. ದಾರಿಯ ಆಚೆ ಬದಿಗೆ ಒಯ್ದು ಬೇಲಿಯ ಬುಡದಲ್ಲಿ ಇಳಿಸಿದರು. "ಪೂಜಿ ಮಾಡೂವ್ರು ಅಲ್ಲೇ ಮಾಡ್ರಿ, ನನ್ನ ತಕರಾರಿಲ್ಲ. ದಾರಿ ಮಾತ್ರ ನಮ್ಮ ಹುಡಿಗ್ಯಾರದು."

"ಕೈ ಕಾಲು ಬಿದ್ದ ಹೋಗ್ತಾವ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹೋದ್ರ ನನ್ನವು ಹೋಗ್ತಾವ. ನೀವ್ಯಾಕ ಅಳ್ತೀರಿ? ನಡೀರಲೇ," ಎಂದು ನಮ್ಮನ್ನು ಮುಂದೆ ಬಿಟ್ಟುಕೊಂಡು ಹಳ್ಳಕ್ಕಿಳಿದರು. ನನಗೆ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚಾಗಿ ಖುಷಿಯಾಗಿತ್ತು.

ದೇವರ ಸಿಟ್ಟಿಗೋ ಊರಿನ ಬಾಯಿಗೋ ಗೊತ್ತಿಲ್ಲ, ಸ್ವಲ್ಪ ದಿನದಲ್ಲೇ ಅಕ್ಕೋರು ಕಾಲು ಮುರಿದುಕೊಂಡರು. ಊರಿಗೆ ಹಬ್ಬ. ನೋಡಿದಿರೋ ಇಲ್ಲವೋ ಎಂದು ಮನೆಮನೆಯಲ್ಲೂ ಅದೇ ಮಾತು. ಗದಗಿನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಅಕ್ಕೋರನ್ನು ನೋಡಲು ಜನ ಸಾಲುಗಟ್ಟಿದರು, ಕಾಲು ನೋಡುವುದಕ್ಕಿಂತ ಕಣ್ಣೀರು ನೋಡಲು. ಅಕ್ಕೋರು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: "ಬಚ್ಚಲದಾಗ ಪಾಚಿ ಕಟ್ಟಿತ್ರಿ, ಜಾರಿ ಬಿದ್ದೆ. ನಾ ಬಚ್ಚಲ ತಿಕ್ಕದಿದ್ರ ದೇವರೇನ ಮಾಡ್ಯಾನು, ಪಾಪ!"

ಆ ಶನಿವಾರವೇ ಅವರು ಚಕ್ಕಡಿ ಹೂಡಿಸಿಕೊಂಡು ಹಳ್ಳದವರೆಗೆ ಬಂದರು. ಪ್ಲಾಸ್ಟರಿನ ಕಾಲನ್ನು ನೊಗದ ಕಡೆ ಚಾಚಿ ಕುಳಿತು, "ನೀವ ಹೋಗಿ ಬರ್ರಿ. ಏನೇನ ಕಂಡ್ರಿ ಅಂತ ಬಂದು ನನಗ ಪಾಠ ಹೇಳ್ರಿ," ಎಂದರು. ಅಂದು ನಾವೇ ಹೋದೆವು, ಯಾರ ಬೆರಳನ್ನೂ ಹಿಡಿಯದೆ. ನಾವು ತಿರುಗಿ ಬರುವವರೆಗೂ ಅವರು ಬಿಸಿಲಲ್ಲೇ ಕುಳಿತಿದ್ದರು. ನಮ್ಮ ಕೈಕಾಲು ನೆಟ್ಟಗಿರುವುದನ್ನು ಊರಿನ ತಾಯಂದಿರು ಕೆಲವು ವಾರ ನೋಡಿದರು. ಒಬ್ಬೊಬ್ಬರಾಗಿ ಉಳಿದ ಹುಡುಗಿಯರೂ ಬರತೊಡಗಿದರು, ಗೌಡರ ಮೊಮ್ಮಗಳೂ ಬಂದಳು. ಅಕ್ಕೋರ ಕಾಲು ಕೂಡಿದ್ದು ಮಾತ್ರ ಸೊಟ್ಟ. ಕೊನೆಯವರೆಗೂ ಕುಂಟುತ್ತಲೇ ಗುಡ್ಡ ಹತ್ತಿದರು.

ಎಂಬತ್ತರ ದಶಕದ ನಡುವೆ, ನಿವೃತ್ತಿಗೆ ಮೊದಲೇ, ಅವರು ಹೋಗಿಬಿಟ್ಟರು. ಅಷ್ಟರಲ್ಲಿ ನಾನೂ ಮುಂಡರಗಿಯಲ್ಲಿ ಪಾಠ ಹೇಳಲು ಸೇರಿದ್ದೆ. ಸುದ್ದಿ ತಿಳಿದು ನಾವು ಹಳೆಯ ಹುಡುಗಿಯರು ಸಿಕ್ಕ ಬಸ್ಸು ಹತ್ತಿ ಲಕ್ಷ್ಮೇಶ್ವರ ಮುಟ್ಟಿದೆವು, ಕೆಲವರ ಬಗಲಲ್ಲಿ ಕೂಸು. ಅವರ ಅಣ್ಣನ ಮನೆಯ ಮುಂದೆ ಚಟ್ಟ ಸಿದ್ಧವಾಗಿತ್ತು. ಹೊತ್ತು ಹೊರಟರು. ಓಣಿಯ ತಿರುವಿಗೆ ಬಂದಾಗ ಅವರ ಅಣ್ಣ ತಿರುಗಿ ನಿಂತು, ಕೈ ಮುಗಿದು, ಮೆತ್ತಗೇ ಹೇಳಿದರು: "ಹೆಣ್ಣುಮಕ್ಕಳು ಇಲ್ಲಿಗೆ ನಿಲ್ಲಬೇಕ್ರಿ ತಂಗೀ. ಸುಡುಗಾಡಿಗೆ ಬರೂ ಪದ್ಧತಿ ಇಲ್ಲ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಅಕ್ಕೋರ ಕೂಡ ನಡೀವಾಗ ನಾವು ಅರ್ಧಕ್ಕ ನಿಂತವರಲ್ರಿ ಅಣ್ಣಾರ," ಎಂದೆ. ಅವರ ಅಣ್ಣ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ನಾವು ಮಾಡಿದ್ದು ತಪ್ಪೆಂದು ಆ ಓಣಿಯಲ್ಲಿ ಈಗಲೂ ಹೇಳುವವರಿದ್ದಾರಂತೆ. ಹೇಳಿಕೊಳ್ಳಲಿ. ಚಿತೆಯ ಉರಿ ಪೂರ್ತಿ ಇಳಿಯುವವರೆಗೂ ನಾವು ಸುಡುಗಾಡಿನಲ್ಲೇ ನಿಂತಿದ್ದೆವು.