ತಲೆಕೆಳಗಾಗಿ ಇಟ್ಟವಳು

ತಿಪ್ಪೇಸ್ವಾಮಿ, ಆ ಜೇಡಿಯ ತುಂಡನ್ನು ತಲೆಕೆಳಗಾಗಿ ಇಟ್ಟವಳು ನಾನು. ನೀನಲ್ಲ. ಇಷ್ಟು ವರ್ಷ — ಇರಲಿ, ವರ್ಷ ಎಣಿಸಿ ಏನು ಬಂತು — ಈ ಒಂದು ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. ಚಿತ್ರದುರ್ಗದ ಕಾಲೇಜಿನಲ್ಲಿ ನಿವೃತ್ತಿಯಾಗುವವರೆಗೆ ಭೂವಿಜ್ಞಾನ ಪಾಠ ಹೇಳಿದ ಬಾಯಿ ಇದು. ಬೇರೆಯವರ ತಪ್ಪು ಹಿಡಿಯುವಾಗ ಒಮ್ಮೆಯೂ ತಡವರಿಸಿದ್ದಿಲ್ಲ.

ನಿನಗೆ ಎಲ್ಲ ಗೊತ್ತಿರುವುದೇ. ಆದರೂ ಮೊದಲಿಂದ ಹೇಳುತ್ತೇನೆ, ಯಾಕೆಂದರೆ ನಿನಗೆ ಗೊತ್ತಿರುವುದರಲ್ಲಿ ಅರ್ಧ ನಾನು ಕಟ್ಟಿದ ಕಥೆ.

ಹಿರಿಯೂರಿನ ಎರೆಮಣ್ಣಿನ ಜೇಡಿಯ ಮೇಲೆ ನಾನು ಮಾಡಿದ ಕೆಲಸ ನೋಡಿ ಆ ಸಂಶೋಧನಾ ಹಡಗಿನವರು ಕರೆದಿದ್ದರು. ಸಮುದ್ರದ ತಳದಲ್ಲಿ ಭೂಮಿಯ ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವ ಜಾಗ. ಅಲ್ಲಿ ನೆಲ ಜಾರಿದರೆ ಭೂಕಂಪ, ಸುನಾಮಿ. ಜಾರುವ ಆ ಪದರವನ್ನು ಕೊರೆದು ಹುಡುಕುವುದು, ಅದು ಸಿಕ್ಕ ಆಳದಲ್ಲಿ ಅಳತೆಯ ಉಪಕರಣ ಇಳಿಸಿ ಬರುವುದು ನಮ್ಮ ಕೆಲಸ. ಸಹಾಯಕ್ಕೆ ಒಬ್ಬ ವಿದ್ಯಾರ್ಥಿಯನ್ನು ಕರೆತರಬಹುದು ಎಂದರು. ನಿನ್ನನ್ನು ಕರೆದೊಯ್ದೆ. ಬಾಗೂರಿನವನು ನೀನು. ನಿಮ್ಮಪ್ಪ ಬೋರ್‌ವೆಲ್ ಗಾಡಿಯಲ್ಲಿ ದುಡಿದವರು. ಒಂದೊಂದು ಪೈಪು ಇಳಿದಾಗಲೂ ಮೇಲೆ ಬಂದ ಪುಡಿಯನ್ನು ಬೊಗಸೆಯಲ್ಲಿ ತೆಗೆದು ಸಾಲಾಗಿ ಗುಡ್ಡೆ ಹಾಕುವುದನ್ನು ನೋಡಿಕೊಂಡೇ ನೀನು ಬೆಳೆದಿದ್ದೆ. ನೆಲದೊಳಗಿನದು ಮೇಲೆ ಬಂದ ಮೇಲೂ ಅದರ ಕ್ರಮ ಕೆಡಬಾರದು ಎಂಬುದು ನಾನು ನಿನಗೆ ಕಲಿಸಿದ್ದಲ್ಲ.

ಹಡಗಿನಲ್ಲಿ ಒಂದು ಮಧ್ಯಾಹ್ನ ಕೊರೆಯುವ ಕೊಳವೆ ಮೇಲೆ ಬಂತು. ಅದರ ಬಾಯಲ್ಲಿ ಸಿಕ್ಕಿಕೊಂಡಿದ್ದ ಗೇಣುದ್ದದ ತುಂಡು ಕಳಚಿ ನನ್ನ ಕೈಗೆ ಬಿತ್ತು. ಒಂದು ಕಡೆ ಕಂದು ಜೇಡಿ, ಇನ್ನೊಂದು ಕಡೆ ಬೂದು, ನಡುವೆ ನುಣ್ಣನೆಯ ಕಪ್ಪು ಗೆರೆ. ಎಲ್ಲರೂ ಕೊಳವೆಯ ಕಡೆಗೇ ನೋಡುತ್ತ ಸಂಭ್ರಮದಿಂದ ಕೂಗಾಡುತ್ತಿದ್ದರು. ಆ ಗಡಿಬಿಡಿಯಲ್ಲಿ ಅದನ್ನು ಟ್ರೇಗೆ ಇಟ್ಟೆ, ಮೇಲಿನ ತುದಿ ಯಾವುದೆಂದು ತೋರಿಸುವ ಕೆಂಪು ಬಾಣ ಬರೆದೆ.

"ಮೇಡಂ, ಇದು ಉಲ್ಟಾ ಆಗೈತೆ ಅನ್ಸುತ್ತೆ," ಎಂದೆ ನೀನು. "ಪೈಪಿನ ಬಾಯಲ್ಲಿರೋ ಹಲ್ಲಿನ ಗುರುತು ಈ ಕಡೆ ಅವೆ ನೋಡ್ರಿ. ಈ ತುದಿ ಕೆಳಗೆ ಬರ್ಬೇಕಿತ್ತು."

ದೇಶದೇಶದ ದೊಡ್ಡವರೆಲ್ಲ ಸುತ್ತ ನಿಂತಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಇದು ನಿಮ್ಮಪ್ಪನ ಬೋರ್ ಗಾಡಿ ಅಲ್ಲ ಕಣಪ್ಪ. ಬಾಯಿ ಮುಚ್ಕೊಂಡು ಟ್ರೇ ಹಿಡ್ಕ."

ನೀನು ಹಿಡಿದುಕೊಂಡೆ. ಆ ಹಡಗಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನಮ್ಮ ಮಾತಿಗೆ ಸಾಕ್ಷಿಯಿಲ್ಲ ಎಂಬುದು ಆಗ ಹೊಳೆದಿರಲಿಲ್ಲ — ಆಮೇಲೆ ಚೆನ್ನಾಗಿಯೇ ಹೊಳೆಯಿತು.

ಹಳೆಯ ಜೇಡಿ ಮೇಲೆ, ಹೊಸದು ಕೆಳಗೆ ಇದ್ದರೆ ಅಲ್ಲಿ ನೆಲ ಜಾರಿದೆ ಎಂದರ್ಥ. ನಾನು ಇಟ್ಟ ರೀತಿಯಲ್ಲಿ ಹೊಸದೇ ಮೇಲಿತ್ತು, ಸಮುದ್ರದ ತಳದಲ್ಲಿ ಎಲ್ಲ ಕಡೆ ಇರುವಂತೆ. ನಾವು ಹುಡುಕುವ ಪದರ ಇದಲ್ಲ ಎಂದು ಇನ್ನೂ ಆಳಕ್ಕೆ ಕೊರೆದರು. ಆ ತುಂಡಿನ ಮಣ್ಣಿನಲ್ಲಿ ಉಳಿದ ಕಾಂತದ ದಿಕ್ಕು ಉಳಿದ ತುಂಡುಗಳಿಗೆ ತಿರುಗುಮುರುಗಾಗಿದೆ, ಅಂದರೆ ಅದನ್ನು ತಲೆಕೆಳಗಾಗಿ ಇಡಲಾಗಿದೆ ಎಂದು ಹಡಗಿನ ಪ್ರಯೋಗಾಲಯದವರಿಗೆ ಗೊತ್ತಾಗುವ ಹೊತ್ತಿಗೆ ಬಿರುಗಾಳಿ ಎದ್ದು ಸಮುದ್ರ ಕೆಟ್ಟಿತ್ತು. ಕೊಳವೆ ಎಳೆದುಕೊಂಡು ಹೊರಟೆವು. ಉಪಕರಣ ಇಳಿಯಬೇಕಾದ ಕಡೆ ಇಳಿಯಲೇ ಇಲ್ಲ.

ಸಭೆಯಲ್ಲಿ ಹಡಗಿನ ಮುಖ್ಯ ವಿಜ್ಞಾನಿ, ಆ ತುಂಡನ್ನು ಇಟ್ಟವರು ಯಾರು ಎಂದು ಕೇಳಿದರು. ನಾನು ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದೆ: "ನನ್ನ ವಿದ್ಯಾರ್ಥಿ ಹೊಸಬ. ಅವನನ್ನು ಬಯ್ಯಬೇಡಿ. ಜವಾಬ್ದಾರಿ ನನ್ನದು."

ಥೂ, ಎಂಥ ಮಾತು! ಒಂದೊಂದು ಪದವೂ ನಿಜ, ಹೇಳಿದ್ದು ಮಾತ್ರ ಸುಳ್ಳು. ಎಷ್ಟು ದೊಡ್ಡ ಮನಸ್ಸು ಎಂದು ಜನ ಬಂದು ನನ್ನ ಕೈ ಕುಲುಕಿದರು. ನಾನು ಕುಲುಕಿಸಿಕೊಂಡೆ.

ಊಟದ ಕೋಣೆಯ ಬಾಗಿಲಲ್ಲಿ ನೀನು ನನ್ನನ್ನು ನಿಲ್ಲಿಸಿದೆ. "ಮೇಡಂ, ಅದನ್ನ ಇಟ್ಟಿದ್ದು ನಾನಾ?"

ಆಗಲಾದರೂ... ಒಂದು "ಅಲ್ಲ" ಸಾಕಿತ್ತು. ನಾನು ಹೇಳಿದ್ದು ಬೇರೆ: "ನಿದ್ದೆಗೆಟ್ಟಿದ್ದಲ್ಲಪ್ಪ, ನಿನಗೆ ನೆನಪಿಲ್ಲ. ಇಟ್ಟವನೂ ನೀನೇ, ಆಮೇಲೆ ಅನುಮಾನಪಟ್ಟವನೂ ನೀನೇ. ಹೋಗ್ಲಿ ಬಿಡು, ನಾನು ಮಾತಾಡಿದೀನಿ." ನೀನು ಬಹಳ ಹೊತ್ತು ನಿನ್ನ ಅಂಗೈ ನೋಡಿಕೊಂಡೆ. "ಇರ್ಬೋದು ಮೇಡಂ," ಎಂದೆ.

ಇನ್ನೊಂದಿದೆ. ಇದು ನಿನಗೆ ಗೊತ್ತೇ ಇಲ್ಲ. ನಿನ್ನನ್ನು ಪಿಎಚ್.ಡಿ.ಗೆ ತೆಗೆದುಕೊಳ್ಳುತ್ತೇನೆ ಎಂದಿದ್ದ ಆ ಹಡಗಿನಲ್ಲಿದ್ದ ಪ್ರೊಫೆಸರ್, ನಾವು ಊರಿಗೆ ಬಂದ ಮೇಲೆ ನನ್ನ ಅಭಿಪ್ರಾಯ ಕೇಳಿ ಬರೆದಿದ್ದರು. "ಶ್ರದ್ಧೆ ಇದೆ, ಎಚ್ಚರ ಸಾಲದು" ಎಂದು ಉತ್ತರಿಸಿದೆ. ಕೊರೆದ ತುಂಡುಗಳೆಲ್ಲ ಅವರ ಪ್ರಯೋಗಾಲಯದಲ್ಲೇ ಇದ್ದವು; ನೀನು ಅಲ್ಲಿಗೆ ಹೋದರೆ ಆ ತುಂಡು ಮತ್ತೆ ನಿನ್ನ ಕೈಗೆ ಸಿಗುತ್ತದೆ, ಮತ್ತೆ ನೋಡಿದರೆ ಅದನ್ನು ಇಟ್ಟವಳು ನಾನೆಂದು ನೆನಪಾಗುತ್ತದೆ ಎಂಬ ಭಯ ನನಗೆ. ಸೀಟು ಹೋಯಿತು. ನೀನು ಬಿ.ಎಡ್. ಮಾಡಿ ಹೊಸದುರ್ಗದ ಕಡೆ ಹೈಸ್ಕೂಲ್ ಮೇಷ್ಟ್ರಾದೆ. ನಾನು ಆ ಯಾನದ ಅನುಭವ ಹೇಳಿಕೊಂಡು ಊರೂರು ಭಾಷಣ ಮಾಡಿದೆ.

ಕಳೆದ ತಿಂಗಳು ನೀನು ನನ್ನನ್ನು ನಿಮ್ಮ ಶಾಲೆಗೆ ಕರೆದೆ. "ಬರ್ರಿ ಮೇಡಂ, ಇಲ್ಲಿ ಕುಂತ್ಕಳ್ರಿ" ಎಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಆಮೇಲೆ ಮಕ್ಕಳ ಕಡೆ ತಿರುಗಿ ಹೇಳಿದೆ: "ನಾನು ಒಂದ್ಸಲ ಒಂದು ತುಂಡನ್ನ ಉಲ್ಟಾ ಇಟ್ಟು ದೊಡ್ಡ ತಪ್ಪು ಮಾಡಿದೀನಿ ಕಣ್ರೋ. ಅದ್ಕೇ ಯಾವುದನ್ನೇ ಆಗ್ಲಿ ಎರಡ್ಸಲ ನೋಡಿ ಇಡ್ರಿ. ಅವತ್ತು ನನ್ನ ಕಾಪಾಡಿದೋರು ಇವ್ರೇ."

ಮಕ್ಕಳು ಚಪ್ಪಾಳೆ ತಟ್ಟಿದರು. ನೀನು ನನಗೆ ಶಾಲು ಹೊದಿಸಿದೆ. ಮೇಷ್ಟ್ರು ಪ್ರತಿ ವರ್ಷ ಈ ಮಾತು ಹೇಳ್ತಾರೆ ಎಂದು ಪಕ್ಕದಲ್ಲಿದ್ದ ಹುಡುಗಿ ಹೇಳಿದಳು. ಪ್ರತಿ ವರ್ಷ! ಮಾಡದ ತಪ್ಪನ್ನು, ಮಕ್ಕಳ ಎದುರು, ನೀನು... ನಾನು ಅಲ್ಲೇ ಎದ್ದು ನಿಂತು ನಿಜ ಹೇಳಬೇಕಿತ್ತು. ಕೈಮುಗಿದು, ಉಪ್ಪಿಟ್ಟು ತಿಂದು, ಹೊಳಲ್ಕೆರೆ ಬಸ್ಸು ಹತ್ತಿ ಮನೆಗೆ ಬಂದೆ.

ಹಡಗಿನ ಮುಖ್ಯ ವಿಜ್ಞಾನಿಗೂ ಆ ಪ್ರೊಫೆಸರಿಗೂ ನಡೆದದ್ದನ್ನೆಲ್ಲ ಬರೆದು ಇಂದು ಕಳಿಸಿದ್ದೇನೆ. ಅದರಿಂದ ನಿನ್ನ ಸೀಟು ವಾಪಸು ಬರುವುದಿಲ್ಲ. ಕ್ಷಮಿಸು ಎಂದು ನಿನ್ನನ್ನು ಕೇಳುವುದೂ ಇಲ್ಲ. ಕೇಳಿದರೆ "ಇರ್ಲಿ ಬಿಡ್ರಿ ಮೇಡಂ" ಅಂದುಬಿಡುವವನು ನೀನು. ಅಷ್ಟು ಸುಲಭಕ್ಕೆ ನಾನು ಪಾರಾಗಬಾರದು.

ಸೋಮವಾರ ಶಾಲೆಗೆ ಬರುತ್ತೇನೆ. ಆ ಮಕ್ಕಳನ್ನೇ ಕೂರಿಸು. ಅವರ ಎದುರು ನಿಂತು ಹೇಳುತ್ತೇನೆ: ನಿಮ್ಮ ಮೇಷ್ಟ್ರು ಅಂದು ಸರಿಯಾಗಿಯೇ ನೋಡಿದ್ದರು, ಬಾಯಿ ಮುಚ್ಚು ಎಂದವಳು ನಾನು.