ಫೈಟರ್ ಮೀನು ಬಂದ ಶನಿವಾರ

ಆಗ ನನ್ನ ಮದುವೆಯಾಗಿ ಐದು ತಿಂಗಳಾಗಿತ್ತು. ಗಂಡನಿಗೆ ಅದು ಎರಡನೆಯ ಮದುವೆ. ಮೊದಲ ಹೆಂಡತಿ ಕಾಯಿಲೆಯಿಂದ ತೀರಿಕೊಂಡಿದ್ದರು. ಅವರ ಮಗಳಿಗೆ ಎಂಟು ವರ್ಷ. ನನ್ನನ್ನು ಚಿಕ್ಕಮ್ಮ ಎನ್ನುತ್ತಿದ್ದಳು, ಅದೂ ಕರೆಯಲೇಬೇಕಾದಾಗ ಮಾತ್ರ. ಊಟಕ್ಕೆ ಬಾ ಎಂದರೆ ಬರುತ್ತಿದ್ದಳು, ಜಡೆ ಹಾಕಲು ಬೆನ್ನು ಕೊಟ್ಟು ಕೂರುತ್ತಿದ್ದಳು. ಹಟ ಮಾಡುವಷ್ಟು ಸಲಿಗೆಯೂ ಅವಳಿಗೆ ನನ್ನಲ್ಲಿ ಇರಲಿಲ್ಲ.

ಆ ಶನಿವಾರ ಬೆಳಿಗ್ಗೆ ಅವಳ ಅಜ್ಜಿ, ಅಂದರೆ ತೀರಿಕೊಂಡವರ ತಾಯಿ, ಹಿರಿಯಡ್ಕದಿಂದ ಕಾರ್ಕಳದ ನಮ್ಮ ಮನೆಗೆ ಬಂದರು. ಕೈಯಲ್ಲಿ ನೀರು ತುಂಬಿ ಬಿಗಿದು ಕಟ್ಟಿದ ಪ್ಲಾಸ್ಟಿಕ್ ತೊಟ್ಟೆ. ಒಳಗೆ ನೀಲಿ ಮೈಯ, ಕೆಂಪು ರೆಕ್ಕೆಯ ಫೈಟರ್ ಮೀನು. ಜೊತೆಗೊಂದು ಸಣ್ಣ ಗಾಜಿನ ಟ್ಯಾಂಕು, ಬಿಳಿ ಕಲ್ಲಿನ ಪೊಟ್ಟಣ. ಮೊಮ್ಮಗಳು ಒಂದು ವರ್ಷದಿಂದ ಕೇಳುತ್ತಿದ್ದಳಂತೆ. ನನಗದು ಗೊತ್ತೇ ಇರಲಿಲ್ಲ.

“ನಿನಗೆ ಮೀನು ಸಾಕಿ ಗೊತ್ತುಂಟಾ?” ಎಂದು ಅಜ್ಜಿ ನನ್ನನ್ನು ಕೇಳಿದರು.

“ಇಲ್ಲ ಅಮ್ಮ. ಕಲೀತೇನೆ.”

“ಮಗುವಿಗೆ ಅಂತ ತಂದದ್ದು. ಜಾಗ್ರತೆ. ನಾಳೆ ಸಂಜೆ ಬಂದು ನೋಡ್ತೇನೆ.”

ಅವರ ದನಿ ಗಟ್ಟಿಯಾಗಿರಲಿಲ್ಲ. ಆದರೆ ನೋಡುವುದು ಮೀನನ್ನಷ್ಟೇ ಅಲ್ಲ ಎಂದು ನನಗೆ ಅರ್ಥವಾಯಿತು. ಹುಡುಗಿ ಶಾಲೆಗೆ ಹೊರಟು ಮೆಟ್ಟಿಲಿನಿಂದ ಎರಡು ಸಲ ತಿರುಗಿ ಬಂದಳು. “ನಾನು ಬಂದ ಮೇಲೆಯೇ ಟ್ಯಾಂಕಿಗೆ ಬಿಡ್ಬೇಕು, ಆಯ್ತಾ?” ಎಂದಳು. ಅಷ್ಟು ದಿನಗಳಲ್ಲಿ ಅವಳು ನನ್ನಲ್ಲಿ ಬಾಯಿಬಿಟ್ಟು ಕೇಳಿದ ಮೊದಲ ವಿಷಯ ಅದು.

ಎಲ್ಲವೂ ಚೊಕ್ಕಟವಾಗಿರಬೇಕೆಂದು ನಾನು ಟ್ಯಾಂಕನ್ನು ಪಾತ್ರೆ ತೊಳೆಯುವ ಸೋಪು ಹಾಕಿ ತಿಕ್ಕಿದೆ. ಕಲ್ಲುಗಳನ್ನೂ ಅದರಲ್ಲೇ ತೊಳೆದೆ. ಬಾವಿಯಿಂದ ಸೇದಿದ ನೀರು ತುಂಬಿಸಿ, ಉಳಿದದ್ದನ್ನು ಸ್ಟೀಲ್ ಕೊಡಪಾನದಲ್ಲಿ ಮುಚ್ಚಿಟ್ಟೆ. ಗಾಜು ಫಳಫಳ ಹೊಳೆಯುತ್ತಿತ್ತು.

ಮಧ್ಯಾಹ್ನ ಅವಳು ಸಮವಸ್ತ್ರವನ್ನೂ ಬದಲಿಸದೆ ಬಂದು ಕುಳಿತಳು. ಅಜ್ಜಿ ಹೇಳಿಕೊಟ್ಟಿದ್ದಂತೆ ತೊಟ್ಟೆಯನ್ನು ಸ್ವಲ್ಪ ಹೊತ್ತು ನೀರಿನ ಮೇಲೆ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿದೆವು. ಮೀನು ರೆಕ್ಕೆ ಹರಡಿ ಒಂದು ಸುತ್ತು ಹಾಕಿತು. ಅವಳು ನಕ್ಕಳು.

ಹತ್ತು ನಿಮಿಷವೂ ಆಗಿರಲಿಲ್ಲ. ಮೀನು ಗಾಜಿಗೆ ಬಡಿದುಕೊಳ್ಳತೊಡಗಿತು. ಮೇಲೆ ಬಂದು ಬಾಯಿ ತೆರೆಯುವುದು, ಕೆಳಗೆ ನುಗ್ಗುವುದು. ಆಮೇಲೆ ಒಂದು ಮಗ್ಗುಲಿಗೆ ವಾಲಿತು.

“ಎಂತ ಆಯ್ತು ಅದಕ್ಕೆ?” ಎಂದಳು ಹುಡುಗಿ.

ಗಂಡನಿಗೆ ಫೋನ್ ಮಾಡಿದೆ. ಅವರು ಉಡುಪಿ ರೂಟಿನ ಬಸ್ಸಿನ ಡ್ರೈವರ್. ಬಸ್ಸು ಓಡಿಸುವಾಗ ಫೋನ್ ಎತ್ತುವುದಿಲ್ಲ. ಕಲ್ಲಿನ ಪೊಟ್ಟಣದ ಮೇಲೆ ಮೀನಿನ ಅಂಗಡಿಯ ನಂಬರು ಇತ್ತು. ಅಂಗಡಿಯವರು ನಾನು ಹೇಳಿದ್ದನ್ನೆಲ್ಲ ಕೇಳಿ, “ಟ್ಯಾಂಕು ಸೋಪಲ್ಲಿ ತೊಳೆದ್ರಾ?” ಎಂದರು.

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇಲ್ಲ ಎಂದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಮೀನೇ ಸರಿ ಇರಲಿಲ್ಲ ಎಂದಾಗುತ್ತದೆ. ಒಂದು ಕ್ಷಣ ಹಾಗೆ ಯೋಚಿಸಿದ್ದು ನಿಜ.

“ಹೌದು, ತೊಳೆದೆ,” ಎಂದೆ.

“ಈಗಲೇ ತೆಗೀರಿ. ಸೋಪು ತಾಗದ ಪಾತ್ರೆ, ಬೇರೆ ನೀರು. ನೀರು ತಣ್ಣಗೆ ಇರ್ಬಾರ್ದು.”

ಕೊಡಪಾನದ ನೀರು ಬೆಳಿಗ್ಗೆಯಿಂದ ಅಲ್ಲೇ ಇದ್ದದ್ದು, ಕೋಣೆಯಷ್ಟೇ ಬೆಚ್ಚಗಿತ್ತು. ಪಾತ್ರೆ ಯಾವುದು? ಕೊಡಪಾನದ ಬಾಯಿ ಕಿರಿದು, ಅದೊಂದನ್ನು ಬಿಟ್ಟರೆ ಮನೆಯ ಪಾತ್ರೆಗಳೆಲ್ಲ ಸೋಪು ಕಂಡವೇ. ಹುಡುಗಿ ಓಡಿ ಬಚ್ಚಲ ಹಿಂದಿನಿಂದ ಗಿಡಕ್ಕೆ ನೀರು ಹಾಕುವ ಬಕೆಟು ತಂದಳು. ಮೂರು ಸಲ ತೊಳೆದು ಕೊಡಪಾನದ ನೀರು ಹೊಯ್ದೆ. ಮೀನನ್ನು ಟೀ ಸೋಸುವ ಜಾಲರಿಯಲ್ಲಿ ಎತ್ತಲು ಹೋದರೆ ಅದು ಜಾರಿ ಜಾರಿ ಹೋಯಿತು. ಅವಳು ಬೊಗಸೆಯನ್ನು ಟ್ಯಾಂಕಿನೊಳಗೆ ಇಳಿಸಿ, ಮೀನನ್ನು ನೀರಿನ ಸಮೇತ ಎತ್ತಿ, ಬೆರಳ ಸಂದಿಯಲ್ಲಿ ನೀರು ಇಳಿದುಹೋಗುತ್ತಿದ್ದಂತೆ ಬಕೆಟಿಗೆ ಬಿಟ್ಟಳು.

ಅದು ತಳಕ್ಕೆ ಹೋಗಿ ಬಿದ್ದುಕೊಂಡಿತು. ಕಿವಿರು ಮಾತ್ರ ಅಲ್ಲಾಡುತ್ತಿತ್ತು.

ನಾವಿಬ್ಬರೂ ನೆಲದ ಮೇಲೆ ಕುಳಿತೆವು. “ತಪ್ಪು ನನ್ನದು. ಚಂದ ಕಾಣಲಿ ಅಂತ ಸೋಪು ಹಾಕಿದೆ,” ಎಂದೆ. ಅವಳು ಬಕೆಟಿನಿಂದ ಕಣ್ಣು ತೆಗೆಯಲಿಲ್ಲ. ಅತ್ತಿದ್ದರೆ ಸುಲಭವಾಗುತ್ತಿತ್ತು. ಅನ್ನ ಆರಿತು. ನಾಲ್ಕು ಗಂಟೆಯ ಸುಮಾರಿಗೆ ಮೀನು ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡು ಇಳಿಯಿತು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬಂತು. “ಹಸಿವಾಗ್ತದೆ,” ಎಂದಳು. ಮೀನಿಗೋ ತನಗೋ ಎಂದು ನಾನು ಕೇಳಲಿಲ್ಲ. ಎದ್ದು ಸಾರು ಬಿಸಿ ಮಾಡಿದೆ.

ಮರುದಿನ ಸಂಜೆ ಅಜ್ಜಿ ಬಂದಾಗ ಟ್ಯಾಂಕು ಅಂಗಳದ ಬಿಸಿಲಿನಲ್ಲಿ ಬೋರಲು ಬಿದ್ದಿತ್ತು, ಮೀನು ಬಕೆಟಿನಲ್ಲಿತ್ತು.

“ಇದೆಂತ ಇದು?”

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿದಳು: “ನಾವು ಟ್ಯಾಂಕು ತೊಳೆದದ್ದು ಸರಿ ಆಗ್ಲಿಲ್ಲ ಅಜ್ಜಿ. ಸೋಪು ಹಾಕ್ಬಾರ್ದಂತೆ. ಈಗ ಉಪ್ಪು ನೀರಲ್ಲಿ ತೊಳೆದಿದ್ದೇವೆ.”

“ತೊಳೆದದ್ದು ನಾನು, ಅಮ್ಮ. ಅವಳು ಶಾಲೆಯಲ್ಲಿದ್ದಳು,” ಎಂದೆ.

ಅಜ್ಜಿ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಸೆರಗು ಒತ್ತಿ ಹಿಡಿದು ಬಕೆಟಿನ ಮೇಲೆ ಬಗ್ಗಿದರು. ಮೀನಿನ ಬಾಲದ ತುದಿ ಹರಿದು ಬಿಳಿಚಿತ್ತು.

“ಬಾಲ ಪುನಃ ಬರ್ತದಾ?” ಎಂದು ಕೇಳಿದರು.

“ಬರ್ತದಂತೆ. ಅಂಗಡಿಯವರಿಗೆ ಇವತ್ತು ಪುನಃ ಫೋನ್ ಮಾಡಿದ್ದೆ,” ಎಂದೆ.

“ಹಾಗಾದ್ರೆ ಸರಿ.” ಅವರು ಕುರ್ಚಿ ಎಳೆದುಕೊಂಡು ಕುಳಿತರು. ಸಾಮಾನ್ಯವಾಗಿ ನಮ್ಮಲ್ಲಿ ನೀರು ಮಾತ್ರ ಕುಡಿದು ಹೊರಡುತ್ತಿದ್ದವರು, ಅಂದು ಚಾ ಕೊಟ್ಟಾಗ ಬೇಡ ಎನ್ನಲಿಲ್ಲ.